ತಿಳಿಸುವುದೋ, ಕೇಳುವುದೋ: ನಾಗಪುರದ ಬೀದಿ, 1923

ಓಣಿಯವರೆಲ್ಲ ಸೇರಿ ಗಣಪತಿ ಕೂರಿಸಬೇಕು, ರಸ್ತೆ ಬದಿಗೆ ಶಾಮಿಯಾನ ಹಾಕಿ ರಾತ್ರಿ ಎಲ್ಲರೂ ಒಟ್ಟಿಗೆ ಊಟ ಮಾಡಬೇಕು ಎಂದರೆ ನಾಗಪುರದಲ್ಲಿ ಇವತ್ತು ಒಂದಕ್ಕಿಂತ ಹೆಚ್ಚು ಬಾಗಿಲು ತಟ್ಟಬೇಕು. ಮಂಟಪಕ್ಕೆ ಮಹಾನಗರಪಾಲಿಕೆ, ಮೆರವಣಿಗೆಗೂ ಧ್ವನಿವರ್ಧಕಕ್ಕೂ ಪೊಲೀಸರು. ಹುಬ್ಬಳ್ಳಿಯಲ್ಲೂ ಹೆಚ್ಚುಕಡಿಮೆ ಇದೇ ಕತೆ. ಅರ್ಜಿಯಲ್ಲಿ ‘ಅನುಮತಿ ಕೊಡಬೇಕಾಗಿ ವಿನಂತಿ’ ಎಂದು ಬರೆಯುವಾಗ ಯಾರ ಕೈಯೂ ತಡೆಯುವುದಿಲ್ಲ. ನೂರು ವರ್ಷದ ಹಿಂದೆ ಅದೇ ನಾಗಪುರದಲ್ಲಿ ಆ ಮಾತು ಬರೆಯಲೊಲ್ಲದೆ ಸಾವಿರಕ್ಕೂ ಹೆಚ್ಚು ಜನ ಜೈಲಿಗೆ ಹೋದರು. ಅವರಲ್ಲಿ ನಮ್ಮ ಹುಬ್ಬಳ್ಳಿಯವರೂ ಇದ್ದರು.

ಬೀದಿಯಲ್ಲಿ ಹಬ್ಬ ಮಾಡುವುದು ಆ ಊರಿಗೆ ಹೊಸದಲ್ಲ. ಅಲ್ಲಿನ ಎತ್ತಿನ ಹಬ್ಬವಾದ ಪೋಳಾದ ಮರುದಿನ ಕಪ್ಪು ಮತ್ತು ಹಳದಿ ‘ಮಾರಬತ’ ಎಂಬ ದೊಡ್ಡ ಗೊಂಬೆಗಳ ಮೆರವಣಿಗೆ ಹೊರಡುತ್ತದೆ. ರೋಗರುಜಿನಗಳನ್ನು ಹೊತ್ತುಕೊಂಡು ಹೋಗು ಎಂದು ಕೂಗಿ ಕೊನೆಗೆ ಅವನ್ನು ಸುಡುತ್ತಾರೆ. ಕಪ್ಪು ಮಾರಬತ 1881ರಿಂದ ನಡೆದುಬಂದಿದೆ ಎಂಬುದು ಊರಿನವರ ಲೆಕ್ಕ. ಜೊತೆಯಲ್ಲಿ ಸಾಗುವ ‘ಬಡಗ್ಯಾ’ ಗೊಂಬೆಗಳು ಆಳುವವರನ್ನೇ ಲೇವಡಿ ಮಾಡುತ್ತವೆ.

ಆದರೆ ನಾಗಪುರದೊಳಗೆ ಇನ್ನೊಂದು ನಾಗಪುರವಿತ್ತು. ಅದು ಸಿವಿಲ್ ಲೈನ್ಸ್. ಮಧ್ಯಪ್ರಾಂತದ ರಾಜಧಾನಿಯಲ್ಲಿ ಬಿಳಿಯ ಅಧಿಕಾರಿಗಳ ಬಂಗಲೆಗಳಿದ್ದ ಜಾಗ. 1923ರ ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗ್ ನೆನಪಿನ ದಿನ, ಚರಕದ ಬಾವುಟ ಹಿಡಿದು ಅತ್ತ ಹೊರಟವರನ್ನು ಪೊಲೀಸರು ತಡೆದರು. ಮೇ 1ರಿಂದ ಸತ್ಯಾಗ್ರಹ ಶುರುವಾಯಿತು; ಮುಂದೆ ನಿಂತವರು ಜಮನಾಲಾಲ್ ಬಜಾಜ್. ದಿನವೂ ಒಂದು ಸಣ್ಣ ತಂಡ ಬಾವುಟದೊಂದಿಗೆ ಹೊರಡುವುದು, ಗಡಿಯಲ್ಲಿ ಬಂಧನಕ್ಕೊಳಗಾಗುವುದು, ಮಾರನೇ ದಿನ ಮತ್ತೊಂದು ತಂಡ.

ಸರ್ಕಾರದ ಕೈಯಲ್ಲಿದ್ದ ಆಯುಧ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಂ. ಅಡ್ಡಿ, ಹಾನಿ ಇವುಗಳ ಸಾಲಿನಲ್ಲೇ ‘ಕಿರಿಕಿರಿ’ಯನ್ನೂ ಆ ಕಲಂ ಸೇರಿಸಿಕೊಂಡಿತ್ತು. ಹತ್ತು ಜನ ಸಾಲಾಗಿ ಬಾವುಟ ಹಿಡಿದು ನಡೆದರೆ ಯಾರಿಗೆ ಏನು ಹಾನಿ? ಹಾನಿಯಿಲ್ಲ. ಆದರೆ ಬಂಗಲೆಯ ವರಾಂಡದಲ್ಲಿ ಕೂತವರಿಗೆ ಕಿರಿಕಿರಿ. ಇಷ್ಟು ಸಡಿಲವಾದ ಪದವೊಂದನ್ನು ಕಾನೂನಿಗೆ ಕೊಟ್ಟರೆ ಅದನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬುದಕ್ಕೆ ನಾಗಪುರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಡಾ. ನಾ. ಸು. ಹರ್ಡೀಕರ್ ಹುಬ್ಬಳ್ಳಿ ಸೇವಾ ಮಂಡಲದ ಸ್ವಯಂಸೇವಕರೊಂದಿಗೆ ಬಂದದ್ದು ಈ ಹೊತ್ತಿನಲ್ಲಿ. ಅಮೆರಿಕದಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರ ಜೊತೆ ದುಡಿದು ಮರಳಿದ್ದ ವೈದ್ಯರು ಅವರು. ನಾಗಪುರದ ಜೈಲು ಕಠಿಣವಾಗಿತ್ತು. ಹಲವು ಕಡೆಯಿಂದ ಉತ್ಸಾಹದಲ್ಲಿ ಬಂದಿದ್ದ ಅನೇಕರು ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯವರು ಬರೆಯಲಿಲ್ಲ. ಈ ವ್ಯತ್ಯಾಸ ಕಾಂಗ್ರೆಸ್ಸಿನ ಕಣ್ಣಿಗೆ ಬಿತ್ತು. ತರಬೇತಿ ಪಡೆದ ಪಡೆ ಇಡೀ ದೇಶಕ್ಕೆ ಬೇಕು ಎನ್ನಿಸಿ, ಅದೇ ವರ್ಷದ ಡಿಸೆಂಬರಿನ ಕಾಕಿನಾಡ ಅಧಿವೇಶನದ ಹೊತ್ತಿಗೆ ಹರ್ಡೀಕರರ ನೇತೃತ್ವದಲ್ಲಿ ಹಿಂದುಸ್ತಾನಿ ಸೇವಾ ದಳ ಹುಟ್ಟಿತು.

ಬಜಾಜ್ ಬಂಧನವಾದ ಮೇಲೆ ಜುಲೈನಲ್ಲಿ ವಲ್ಲಭಭಾಯಿ ಪಟೇಲರು ಹೊಣೆ ಹೊತ್ತರು. ಅಣ್ಣ ವಿಠ್ಠಲಭಾಯಿಯೂ ಬಂದು ಗವರ್ನರರೊಡನೆ ಮಾತಾಡಿದರು. 144ನೇ ಕಲಮಿನ ಆಜ್ಞೆಗೆ ಎರಡೇ ತಿಂಗಳ ಆಯುಸ್ಸು. ಆಗಸ್ಟ್ 17ಕ್ಕೆ ಅದು ಮುಗಿಯಿತು, ಮುಂದುವರಿಯಲಿಲ್ಲ. 18ರಂದು ಮೆರವಣಿಗೆ ಬಾವುಟದೊಂದಿಗೆ ಸಿವಿಲ್ ಲೈನ್ಸ್ ಹಾದುಹೋಯಿತು. ಯಾರನ್ನೂ ಹಿಡಿಯಲಿಲ್ಲ.

ನಿಜವಾದ ಜಗಳ ಆಮೇಲಿನದು. ಪಟೇಲರು ಮೆರವಣಿಗೆಯ ವಿಷಯವನ್ನು ಮೊದಲೇ ಪ್ರಕಟಿಸಿದ್ದರು. ಇದು ಅನುಮತಿ ಕೇಳಿದಂತೆಯೇ ಎಂದು ಸರ್ಕಾರದ ಕಡೆಯವರು. ಕೇಳಿಲ್ಲ, ತಿಳಿಸಿದ್ದೇವೆ ಅಷ್ಟೇ ಎಂದು ಕಾಂಗ್ರೆಸ್ಸಿನವರು. ಹೊರಗಿನಿಂದ ನೋಡಿದರೆ ಕೂದಲು ಸೀಳುವ ತಕರಾರು. ಆದರೆ ಬೀದಿ ಯಾರದು ಎಂಬ ಪ್ರಶ್ನೆ ಇದ್ದದ್ದು ಅದರಲ್ಲೇ. ತಿಳಿಸುವವನಿಗೆ ಹಕ್ಕು ಆಗಲೇ ಇದೆ, ಕೇಳುವವನಿಗೆ ಇನ್ನೂ ಬರಬೇಕು.

ಬಿಳಿಯರ ಬಂಗಲೆಯಷ್ಟೇ ಎದುರಾಳಿಯಾಗಿದ್ದರೆ ಕತೆ ಸುಲಭವಿತ್ತು. ಅದೇ ವರ್ಷ, ಅದೇ ಊರಿನಲ್ಲಿ, ಮಸೀದಿಯ ಮುಂದೆ ವಾದ್ಯ ಬಾರಿಸುವ ಬಗ್ಗೆ ಜಗಳ ಎದ್ದು ದಿಂಡಿ ಮೆರವಣಿಗೆಗೆ ತಡೆ ಬಿತ್ತು. ಡಾ. ಮುಂಜೆ ಮೊದಲಾದವರು ಅದನ್ನೂ ಸತ್ಯಾಗ್ರಹವೆಂದೇ ಕರೆದು ಮುರಿದರು. ಇಲ್ಲಿ ಬೀದಿಯ ಆಚೆ ಬದಿಯಲ್ಲಿದ್ದವರು ಅದೇ ಊರಿನ ನೆರೆಯವರು. ಹಕ್ಕಿನ ಮಾತು ಕೇಳಲು ಒಂದೇ ಥರ, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನಗೆ ಮನಸ್ಸು ಬರುವುದಿಲ್ಲ.

ಸ್ವಾತಂತ್ರ್ಯದ ನಂತರ ಇದೇ ಪ್ರಶ್ನೆ ಅಹಮದಾಬಾದಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಸಾರ್ವಜನಿಕ ಸಭೆಗೆ ಪೊಲೀಸರು ಅನುಮತಿ ನಿರಾಕರಿಸಿದ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ, 1972ರಲ್ಲಿ, ಅನುಮತಿಯನ್ನು ಪೂರ್ತಿ ಪೊಲೀಸರ ಇಚ್ಛೆಗೆ ಬಿಟ್ಟಿದ್ದ ನಿಯಮವನ್ನು ನ್ಯಾಯಾಲಯ ಹೊಡೆದುಹಾಕಿತು. ಹಾಗೆಂದು ಅರ್ಜಿ ಹೋಗಲಿಲ್ಲ: ಬೀದಿ ಸಭೆಗಳನ್ನು ನಿಯಂತ್ರಿಸಬಹುದು, ಸಾರಾಸಗಟಾಗಿ ಇಲ್ಲವೆನ್ನುವಂತಿಲ್ಲ ಎಂಬುದು ತೀರ್ಪಿನ ತಿರುಳು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬೇಡವೆಂದವು. ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ರಾಜ್ಯ ಸರ್ಕಾರ ರಿಯಾಯಿತಿ ಕೊಡಬಹುದು. ಪಕ್ಕದ ಮನೆಯ ಕಾಯಿಲೆಯವರಿಗೂ ಪರೀಕ್ಷೆಗೆ ಓದುವ ಮಕ್ಕಳಿಗೂ ಆಗುವ ಕಿರಿಕಿರಿ ವರಾಂಡದ ಕಿರಿಕಿರಿಯಂಥದಲ್ಲ.

144ನೇ ಕಲಂ ಮಾತ್ರ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಾಗಿದೆ. ಕಿರಿಕಿರಿ ಅದರಲ್ಲೂ ಇದೆ.