ಟಪಾಲಿನ ಲೆಕ್ಕ: ಅಮೀನಗಡ ಸೀಮೆಯ ನೆಲೆಯಿಂದ ಅಂಚೆ ಸುಧಾರಣೆಯ ವಿಚಾರ

ಅಮೀನಗಡ, ಹುನಗುಂದ, ಇಳಕಲ್ಲು ಪರಿಸರದ ಆಡುನುಡಿಯಲ್ಲಿ ಕಾಗದಪತ್ರ ತರುವ ವ್ಯವಸ್ಥೆಗೆ ‘ಟಪಾಲು’ ಎಂದು ಹೆಸರು. ಹಳೆಯ ಮೈಸೂರಿನಲ್ಲಿ ಅದು ‘ಅಂಚೆ’. ಈ ಎರಡು ಪದಗಳ ಹಿಂದೆ ಎರಡು ಆಡಳಿತಗಳ ಚರಿತ್ರೆಯಿದೆ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದರೆನ್ನಲಾದ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನಗೊಂಡಿತು. ಮುಂಬಯಿ ಪ್ರಾಂತದ ಕಲಾದಗಿ, ಅನಂತರ ವಿಜಾಪುರ ಜಿಲ್ಲೆಗೆ ಸೇರಿದ್ದ ಅಮೀನಗಡ ಸೀಮೆಯಾದರೋ ಅದಕ್ಕೂ ಮೊದಲೇ ಆ ಇಲಾಖೆಯ ಆಡಳಿತಕ್ಕೆ ಒಳಪಟ್ಟಿತ್ತು.

1854ರ ಕಾಯಿದೆಯು ದೂರವನ್ನು ಲೆಕ್ಕಿಸದೆ ಕಾಲು ತೊಲದ ಪತ್ರಕ್ಕೆ ಅರ್ಧ ಆಣೆಯ ದರವನ್ನು ನಿಗದಿಪಡಿಸಿತು. ಸಮೀಪದ ಪತ್ರದ ಗಳಿಕೆಯು ದೂರದ ಪತ್ರದ ವೆಚ್ಚವನ್ನು ಹೊರಬೇಕೆಂಬುದು ಇದರ ಅಂತರಾರ್ಥ. ಮುಂದೆ 1877ರಲ್ಲಿ ವಿ.ಪಿ.ಪಿ., 1880ರಲ್ಲಿ ಮನಿಯಾರ್ಡರು, 1882ರಲ್ಲಿ ಉಳಿತಾಯ ಬ್ಯಾಂಕು ಅಂಚೆಯ ಕೆಲಸಗಳಾದವು. ಪತ್ರವೊಂದನ್ನೇ ನೆಚ್ಚದೆ ಹಣವನ್ನೂ ಸರಕನ್ನೂ ಸಾಗಿಸಿದುದೇ ಅಂಚೆಯ ಬಲವಾಯಿತು. ಇಳಕಲ್ಲಿನ ಸೀರೆ, ಅಂಟು, ಬೆಲ್ಲ, ಒಣಹಣ್ಣುಗಳಿಂದಾದ ಅಮೀನಗಡದ ಕರದಂಟು ಇವೆರಡೂ ಬೇಗ ಕೆಡದ, ದೂರ ಸಾಗಬಲ್ಲ ಸರಕುಗಳು. ದುಡಿಮೆ ಅರಸಿ ಗುಳೆ ಹೋಗುವವರ ಈ ಸೀಮೆಗೆ ಹಣ ತರುವ ದಾರಿಯೂ ಅಷ್ಟೇ ಅಗತ್ಯ.

ಇಂದಿನ ಅಂಚೆಯ ಆರ್ಥಿಕ ಸಂಕಟವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಇಲಾಖೆಯ ಲೆಕ್ಕದಂತೆ 2016–17ರಲ್ಲಿ ಒಂದು ಪೋಸ್ಟ್ ಕಾರ್ಡಿಗೆ ತಗಲುತ್ತಿದ್ದ ಸರಾಸರಿ ವೆಚ್ಚ 12 ರೂಪಾಯಿಗೂ ಅಧಿಕ. ಬರುತ್ತಿದ್ದುದು 50 ಪೈಸೆ. ತಂತಿಸೇವೆಯು 2013ರಲ್ಲಿ ಕೊನೆಗೊಂಡಿತು. 2018ರ ಸೆಪ್ಟೆಂಬರ್ 1ರಂದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕು ದೇಶವ್ಯಾಪಿಯಾಗಿ ಆರಂಭವಾಯಿತು. 1898ರ ಕಾಯಿದೆಯ ಸ್ಥಾನದಲ್ಲಿ 2023ರ ಅಂಚೆ ಕಾಯಿದೆಯು 2024ರ ಜೂನ್‌ನಲ್ಲಿ ಜಾರಿಗೆ ಬಂದಿತು. 2025ರಲ್ಲಿ ರಿಜಿಸ್ಟರ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಡನೆ ವಿಲೀನಗೊಳಿಸಲಾಯಿತು.

ಈ ಸುಧಾರಣೆಗಳೆಲ್ಲವೂ ಕೊನೆಗೆ ಆತುಕೊಳ್ಳುವುದು ಹಳ್ಳಿಯ ಶಾಖಾ ಅಂಚೆ ಕಚೇರಿಯನ್ನು. ದೇಶದ ಸುಮಾರು 1.64 ಲಕ್ಷ ಅಂಚೆ ಕಚೇರಿಗಳಲ್ಲಿ ಶೇ. 90ರಷ್ಟು ಗ್ರಾಮೀಣ ಭಾಗದಲ್ಲಿವೆ. ಶಾಖಾ ಕಚೇರಿಗಳನ್ನು ನಡೆಸುವವರು ದಿನಕ್ಕೆ ನಾಲ್ಕೈದು ತಾಸುಗಳ ಕೆಲಸಕ್ಕೆ ನೇಮಕಗೊಂಡ ಗ್ರಾಮೀಣ ಡಾಕ್ ಸೇವಕರು. ಇವರದು ಸರ್ಕಾರದಡಿಯ ನಾಗರಿಕ ಹುದ್ದೆಯೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪಿತ್ತರೂ ಇಲಾಖೆಯ ಕಾಯಂ ನೌಕರರ ಸ್ಥಾನ ಇವರಿಗೆ ದೊರೆತಿಲ್ಲ. ಕಮಲೇಶ ಚಂದ್ರ ಸಮಿತಿಯ ವರದಿಯನ್ನು ಆಧರಿಸಿ 2018ರಲ್ಲಿ ಇವರ ಭತ್ಯೆಯನ್ನು ಪರಿಷ್ಕರಿಸಲಾಯಿತು.

ಊರಿನವರ ಪಾಲಿಗೆ ಟಪಾಲಿನವನು ಕೇವಲ ಕಾಗದ ಕೊಡುವವನಾಗಿರಲಿಲ್ಲ. ಓದು ಬಾರದವರಿಗೆ ಪತ್ರ ಓದಿ ಹೇಳುವವನು, ಬರೆದುಕೊಡುವವನು, ಹಣ ಎಣಿಸಿಕೊಡುವವನೂ ಆಗಿದ್ದನು. ಇಂದು ಬೆರಳಚ್ಚು ಪಡೆದು ಮನೆಬಾಗಿಲಲ್ಲಿ ಹಣ ನೀಡುವ ಸೇವೆಯೂ ಅದೇ ವಿಶ್ವಾಸದ ಮೇಲೆ ನಿಂತಿದೆ. ಈ ವಿಶ್ವಾಸವು ಆಯವ್ಯಯದ ಪಟ್ಟಿಯಲ್ಲಿ ಕಾಣುವುದಿಲ್ಲ. ಶಾಖಾ ಕಚೇರಿಯ ಬೆಲೆಯನ್ನು ಅಂಚೆಚೀಟಿಯ ಮಾರಾಟದಿಂದಷ್ಟೇ ಅಳೆದರೆ ಅದು ನಷ್ಟದ ಬಾಬ್ತು. ಹಣ, ಸರಕು, ಪಿಂಚಣಿಗಳ ಸಾಗಣೆಯನ್ನೂ ಸೇರಿಸಿ ಅಳೆದರೆ ಅದೇ ಇಲಾಖೆಯ ಮೂಲಧನ. 1854ರ ಏಕರೂಪದ ದರದಲ್ಲಿ ಅಡಗಿದ್ದ ತತ್ವವನ್ನು ಬಿಟ್ಟುಕೊಡದೆ ಹೊಸ ಕೆಲಸಗಳನ್ನು ಹೊರಿಸುವುದು, ಹೊರುವವನಿಗೆ ತಕ್ಕ ಪ್ರತಿಫಲ ನೀಡುವುದು: ಅಂಚೆಯ ಸುಧಾರಣೆಗೆ ಚರಿತ್ರೆಯು ತೋರುವ ದಾರಿ ಇದೇ ಆಗಿದೆ.