ಮಿನೋಸ್ ಎಂಬ ಚಿಟ್ಟೆಯೂ ಮುಂಬಯಿಯ ಒಂದು ಪತ್ರಿಕೆಯೂ

ದಾದರಿನಲ್ಲಿ ಚಿಟ್ಟೆ ಕಾಣಬೇಕೆಂದರೆ ಹೂವಿನ ಮಾರುಕಟ್ಟೆಗೆ ಹೋಗಬೇಕೆಂದು ಹೊಸಬರು ಭಾವಿಸುವುದುಂಟು. ಅಲ್ಲಿ ಚೆಂಡುಹೂವು ಗೋಣಿಗಟ್ಟಲೆ ಸುರಿದಿರುತ್ತದೆಯೇ ಹೊರತು ಚಿಟ್ಟೆಗಳಿಗೆ ಸುಳಿಯಲು ಎಡೆಯಿಲ್ಲ. ನಿಲ್ದಾಣದ ಪೂರ್ವಕ್ಕೆ ಇಳಿದು, ಹಿಂದೂ ಕಾಲೊನಿಯನ್ನು ದಾಟಿ, ಪಾರ್ಸಿ ಕಾಲೊನಿಯ ಹಳೆಯ ಮರಗಳ ಕೆಳಗೆ ನಡೆದರೆ ಅವು ಕಾಣುತ್ತವೆ. ಕುಂಡದಲ್ಲಿ ಲಿಂಬೆಯನ್ನೋ ಕರಿಬೇವನ್ನೋ ಬೆಳೆಸಿರುವ ಮನೆಗಳಿದ್ದರೆ ಇನ್ನೂ ಸುಲಭ. ಮಳೆ ಹಿಂದೆಗೆಯುತ್ತಿದ್ದ ಒಂದು ಭಾನುವಾರ ನಮ್ಮ ಚಿಕ್ಕ ಓದುಗರ ಬಳಗ ಅಂಥದೊಂದು ಮನೆಯಲ್ಲಿ ಸೇರಿತ್ತು. ಅಂಗೈಯಗಲದ ಕಪ್ಪು ಚಿಟ್ಟೆಯೊಂದು, ಹಿಂದಿನ ರೆಕ್ಕೆಗಳಲ್ಲಿ ತಿಳಿನೀಲಿ ಹೊತ್ತು, ಬಾಲ್ಕನಿಯ ಲಿಂಬೆ ಗಿಡದ ಸುತ್ತ ಸುಳಿದಾಡಿತು. ಆ ಮನೆಯ ಹುಡುಗಿ ಕೂಡಲೇ ಅದರ ಹೆಸರು ಹೇಳಿದಳು: ‘ನೀಲವಂತ’, ಮಹಾರಾಷ್ಟ್ರದ ರಾಜ್ಯ ಚಿಟ್ಟೆ, ಇಂಗ್ಲಿಷಿನಲ್ಲಿ ಬ್ಲೂ ಮಾರ್ಮನ್. ಕರ್ನಾಟಕದ್ದು ಯಾವುದೆಂದು ಕೇಳಿದಳು. ಸದರ್ನ್ ಬರ್ಡ್‌ವಿಂಗ್ ಎಂದೆವು. “ಅದು ಇಂಗ್ಲಿಷ್ ಆಯಿತಲ್ಲ ಮಾವ, ಕನ್ನಡದಲ್ಲಿ ಏನನ್ನುತ್ತಾರೆ?” ಎಂದಳು. ಬಳಗದಲ್ಲಿ ಏಳು ಜನರಿದ್ದೆವು. ಯಾರೂ ಉತ್ತರಿಸಲಿಲ್ಲ.

ಆ ಪ್ರಶ್ನೆಯ ಬೆನ್ನು ಹತ್ತಿದಾಗ ನಮಗೆ ತೆರೆದುಕೊಂಡ ಚರಿತ್ರೆ ಬೆಂಗಳೂರಿನದಲ್ಲ, ಮೈಸೂರಿನದೂ ಅಲ್ಲ. ಅದು ಕಾರವಾರದಲ್ಲಿ ಹುಟ್ಟಿ ಮುಂಬಯಿಯಲ್ಲಿ ಅಚ್ಚಾದ ಚರಿತ್ರೆ.

ಮೊದಲು ಚಿಟ್ಟೆಯ ವಿಚಾರ. ಇದು ಟ್ರಾಯ್ಡೀಸ್ ಎಂಬ ಕುಲಕ್ಕೆ ಸೇರಿದ್ದು. ಭಾರತ, ಶ್ರೀಲಂಕೆಗಳಿಂದ ಹಿಡಿದು ಮಲಯ, ಇಂಡೋನೇಷ್ಯ, ಫಿಲಿಪ್ಪೀನ್ಸ್ ದ್ವೀಪಗಳ ಆಚೆಗೂ ಏಷ್ಯದ ಉಷ್ಣವಲಯದಲ್ಲಿ ಹರಡಿರುವ ಈ ಕುಲದಲ್ಲಿ ಸುಮಾರು ಇಪ್ಪತ್ತು ಪ್ರಭೇದಗಳಿವೆ. ಹಕ್ಕಿಯಂತೆ ಅಗಲ ರೆಕ್ಕೆ. ಮುಂದಿನ ಜೋಡಿ ಕಪ್ಪು, ಹಿಂದಿನ ಜೋಡಿಯಲ್ಲಿ ಹೊಳೆವ ಹೊಂಬಣ್ಣ. ಭಾರತದಲ್ಲಿರುವುದು ಮೂರು: ಹಿಮಾಲಯದ ತಪ್ಪಲು ಮತ್ತು ಈಶಾನ್ಯದ ಈಕಸ್, ಈಶಾನ್ಯದಲ್ಲೂ ಕಾಣುವ ಹೆಲೆನಾ, ದಕ್ಷಿಣ ಭಾರತದ ಮಿನೋಸ್. ಶ್ರೀಲಂಕೆಗೆ ಅದರದೇ ಆದ ಡಾರ್ಸಿಯಸ್ ಇದೆ. ಮಿನೋಸ್ ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕೇರಳ, ಕೊಡಗು, ಮಲೆನಾಡು, ಉತ್ತರ ಕನ್ನಡ, ಗೋವೆಗಳನ್ನು ದಾಟಿ ಸಿಂಧುದುರ್ಗದ ಅಂಬೋಲಿಯ ಕಡೆಗೂ ಅದು ಬರುತ್ತದೆ. ಹೊಂಬಣ್ಣದ ಜೊತೆಗೆ ಎದೆಯ ಪಕ್ಕದಲ್ಲಿ ಒಂದಿಷ್ಟು ಕೆಂಪೂ ಇರುವುದರಿಂದ ನಾಡಧ್ವಜದ ಬಣ್ಣಗಳನ್ನು ಅದರಲ್ಲಿ ಕಂಡವರಿದ್ದಾರೆ. ಆ ಕಪ್ಪಿಗೆ ಧ್ವಜದಲ್ಲಿ ಜಾಗವಿಲ್ಲ, ಇರಲಿ.

ಇಂಗ್ಲಿಷ್ ಎಂ.ಎ.ಗಾಗಿ ಗ್ರೀಕ್ ನಾಟಕಗಳನ್ನು ಅನುವಾದದಲ್ಲಿ ಓದಿ ಪರೀಕ್ಷೆ ಬರೆದ ನಮ್ಮಂಥವರಿಗೆ ಈ ಹೆಸರುಗಳು ಬೇರೆಯೇ ಒಂದು ಲೋಕವನ್ನು ನೆನಪಿಸುತ್ತವೆ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಪ್ರಾಣಿಗಳಿಗೆಲ್ಲ ಎರಡು ಪದದ ಹೆಸರಿಡಲು ಹೊರಟಾಗ, ದೊಡ್ಡ ಚಿಟ್ಟೆಗಳನ್ನು ಟ್ರಾಯ್ ಯುದ್ಧದ ಎರಡು ಪಾಳೆಯಗಳಾಗಿ ವಿಂಗಡಿಸಿದ. ಒಂದು ಟ್ರಾಯ್ ನಗರದ ಅಶ್ವಾರೋಹಿಗಳದು. ಪ್ರಿಯಾಮ್, ಹೆಕ್ಟರ್ ಮೊದಲಾದವರು ಅಲ್ಲಿದ್ದಾರೆ. ಇನ್ನೊಂದು ಗ್ರೀಕರದು, ಅಗಮೆಮ್ನನ್, ಯುಲಿಸಿಸ್, ಮೆನೆಲಾಸ್ ಅಲ್ಲಿಯವರು. ಕುರುಕ್ಷೇತ್ರದ ವೀರರನ್ನು ಕೌರವ ಪಾಂಡವರೆಂದು ಬೇರ್ಪಡಿಸಿ ಕಾಡಿನ ಹಕ್ಕಿಗಳಿಗೆ ಹಂಚಿದ ಹಾಗೆ. 1819ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನ ಹ್ಯೂಬ್ನರ್ ಈ ಕುಲಕ್ಕೆ ಟ್ರಾಯ್ಡೀಸ್ ಎಂದು ಹೆಸರಿಟ್ಟದ್ದೂ ಅದೇ ಪರಂಪರೆಯಲ್ಲಿ. ಮಿನೋಸ್, ಈಕಸ್ ಮತ್ತು ಫಿಲಿಪ್ಪೀನ್ಸಿನ ರಾಡಮಾಂಥಸ್ ಎಂಬ ಮೂರು ಹೆಸರುಗಳನ್ನು ಜೊತೆಗಿಟ್ಟು ನೋಡಿದರೆ, ಗ್ರೀಕರ ಪಾತಾಳಲೋಕದಲ್ಲಿ ಸತ್ತವರ ವಿಚಾರಣೆ ನಡೆಸುವ ಮೂವರು ನ್ಯಾಯಾಧೀಶರೂ ಈ ಕುಲದಲ್ಲಿ ಸೇರಿಕೊಂಡಿರುವುದು ಕಾಣುತ್ತದೆ. ನಮ್ಮ ರಾಜ್ಯ ಚಿಟ್ಟೆ ಗ್ರೀಕರ ಚಿತ್ರಗುಪ್ತ ಎನ್ನಬಹುದು. ಮಹಾರಾಷ್ಟ್ರದ ನೀಲವಂತನಿಗೆ ಸಿಕ್ಕಿದ್ದು ಪಾಲಿಮ್ನೆಸ್ಟರ್ ಎಂಬ ಹೆಸರು. ಈತ ಪ್ರಿಯಾಮನ ಎಳೆಯ ಮಗನನ್ನು ಕಾಪಾಡುವೆನೆಂದು ಮನೆಗೆ ಕರೆತಂದು, ಟ್ರಾಯ್ ಬಿದ್ದ ಮೇಲೆ ಹುಡುಗನ ಜೊತೆ ಬಂದಿದ್ದ ಹೊನ್ನಿನಾಸೆಗೆ ಅವನನ್ನೇ ಕೊಂದ ರಾಜ. ಯೂರಿಪಿಡೀಸನ ಹೆಕ್ಯುಬಾ ನಾಟಕ ಓದಿದವರಿಗೆ ಅವನ ಗತಿ ಗೊತ್ತು. ಪಾಪ, ಚಿಟ್ಟೆಗೆ ಇದಾವುದೂ ತಿಳಿಯದು.

ಮಿನೋಸ್, ಪಾಲಿಮ್ನೆಸ್ಟರ್ ಎರಡನ್ನೂ ಹೆಸರಿಸಿದ್ದು ಒಬ್ಬನೇ, ಆಮ್‌ಸ್ಟರ್‌ಡ್ಯಾಮಿನ ಪೀಟರ್ ಕ್ರೇಮರ್. ನಾರುಬಟ್ಟೆ, ಉಣ್ಣೆಯ ವ್ಯಾಪಾರಿ. ಕೊಚ್ಚಿಯಂಥ ಬಂದರುಗಳಲ್ಲಿ ಡಚ್ಚರು ಕೋಠಿ ಕಟ್ಟಿಕೊಂಡಿದ್ದ ಕಾಲವದು. ಪೂರ್ವದೇಶಗಳಿಂದ ಮರಳುವ ಹಡಗುಗಳಲ್ಲಿ ಮೆಣಸಿನ ಜೊತೆಗೆ ಒಣಗಿದ ಕೀಟಗಳೂ ಹಾಲೆಂಡಿನ ಶ್ರೀಮಂತರ ಸಂಗ್ರಹಗಳಿಗೆ ಹೋಗುತ್ತಿದ್ದವು. ಅವುಗಳ ಬಣ್ಣದ ಚಿತ್ರಗಳ ಸಂಪುಟಗಳನ್ನು ಕ್ರೇಮರ್ 1775ರಲ್ಲಿ ಹೊರತರಲು ಆರಂಭಿಸಿದ, ಮರುವರ್ಷವೇ ತೀರಿಕೊಂಡ. ಮಿನೋಸ್ ಅಚ್ಚಾದದ್ದು 1779ರಲ್ಲಿ, ಅವನ ಮರಣಾನಂತರ. ಆ ಹೊತ್ತಿಗೆ ಯುರೋಪಿಗೆ ತಿಳಿದಿದ್ದುದು ಸೂಜಿ ಚುಚ್ಚಿದ ರೆಕ್ಕೆಯ ಬಣ್ಣವಷ್ಟೆ. ಅದು ಏನು ತಿನ್ನುತ್ತದೆ, ಯಾವ ಬಳ್ಳಿಯ ಮೇಲೆ ಮೊಟ್ಟೆಯಿಡುತ್ತದೆ, ಅದರ ಹುಳು ಹೇಗಿರುತ್ತದೆ ಎಂಬುದನ್ನು ಸಂಗ್ರಹದ ಪೆಟ್ಟಿಗೆ ಹೇಳಲಾರದು. ಅದಕ್ಕೆ ಮಳೆಗಾಲದಲ್ಲಿ ಕಾಡಿನಂಚಿನಲ್ಲಿ ಬದುಕಬೇಕು.

ಹಾಗೆ ಬದುಕಿದವರು ಸರ್ಕಾರಿ ನೌಕರರು. ಕಡತಗಳ ನಡುವೆ ದಿನ ಕಳೆಯುವ ನಮಗೆ ಈ ಭಾಗ ಹೆಚ್ಚು ಪ್ರಿಯ. ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್ 1851ರಲ್ಲಿ ಸಾತಾರೆಯಲ್ಲಿ ಹುಟ್ಟಿದವರು. ಮುಂಬಯಿ, ಪುಣೆಗಳಲ್ಲಿ ಓದಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಕೆಲವು ವರ್ಷ ಲ್ಯಾಟಿನ್ ಕಲಿಸಿ, 1876ರಲ್ಲಿ ಮುಂಬಯಿ ಸರ್ಕಾರದ ಸುಂಕ ಮತ್ತು ಉಪ್ಪಿನ ಇಲಾಖೆ ಸೇರಿದರು. ‘ಇಹಾ’ ಎಂಬ ಹೆಸರಿನಲ್ಲಿ ಅವರು ಬರೆದ ನಗೆಬರಹಗಳು ಆ ಕಾಲದಲ್ಲಿ ಮನೆಮಾತಾಗಿದ್ದವು. 1883ರ ಸೆಪ್ಟೆಂಬರಿನಲ್ಲಿ ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದಾಗ ಅವರಲ್ಲಿ ಏಟ್ಕನ್ ಒಬ್ಬರು, ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯರೂ ಇದ್ದರು. ಮೊದಲು ಕೂಟ ಸೇರುತ್ತಿದ್ದುದು ಭಾಯಖಳದ ವಸ್ತುಸಂಗ್ರಹಾಲಯದಲ್ಲಿ, ಎಂದರೆ ದಾದರಿನಿಂದ ಲೋಕಲ್ ಗಾಡಿಯಲ್ಲಿ ಕೆಲವೇ ನಿಲ್ದಾಣಗಳ ದೂರದಲ್ಲಿ. ಅನಂತರ ಫಿಪ್ಸನ್ ಎಂಬ ಮದ್ಯ ವ್ಯಾಪಾರಿಯ ಅಂಗಡಿಯ ಕೋಣೆಗೆ ಬಂದಿತು. 1886ರಲ್ಲಿ ಸೊಸೈಟಿಯ ಪತ್ರಿಕೆ ಆರಂಭವಾದಾಗ ಅದರ ಮೊದಲ ಸಂಪಾದಕರಲ್ಲಿಯೂ ಏಟ್ಕನ್ ಇದ್ದರು.

ಇಲಾಖೆ ಅವರನ್ನು ಉತ್ತರ ಕನ್ನಡಕ್ಕೆ, ಗೋವೆಯ ಗಡಿಗೆ ಕಳುಹಿಸಿತು. ಆ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಗಿತ್ತು. 1956ರ ನವೆಂಬರ್ ಒಂದರವರೆಗೆ ಅದರ ರಾಜಧಾನಿ ಮುಂಬಯಿಯೇ. ಕಾರವಾರ, ಕುಮಟೆ, ಅಂಕೋಲೆಗಳಿಂದ ಮುಂಬಯಿಗೆ ಬಂದು ಖಾನಾವಳಿ ನಡೆಸಿದವರು, ಗಿರಣಿಗಳಲ್ಲಿ ದುಡಿದವರು, ರಾತ್ರಿ ಶಾಲೆಗಳಲ್ಲಿ ಓದಿದವರು ತಮ್ಮದೇ ಪ್ರಾಂತದ ರಾಜಧಾನಿಗೆ ಬಂದವರು. ಅವರ ಮೊಮ್ಮಕ್ಕಳಾದ ನಾವು ಇಂದು ‘ಹೊರನಾಡು’ ಎಂಬ ಪದವನ್ನು ಎಷ್ಟು ಸಲೀಸಾಗಿ ಬಳಸುತ್ತೇವೆ! ಗಡಿ ಸರಿದದ್ದು ನಮಗಿಂತ ಮೊದಲು; ಚಿಟ್ಟೆಗೂ ಹಾಗೆಯೇ ಆಯಿತು.

ಕಾರವಾರದಲ್ಲಿ ಏಟ್ಕನ್ನರಿಗೆ ಇಬ್ಬರು ಜೊತೆಗಾರರು ದೊರೆತರು. ಒಬ್ಬರು ಜಿಲ್ಲೆಯ ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್. ಹಕ್ಕಿಗಳನ್ನು ಚೆನ್ನಾಗಿ ಬಲ್ಲವರು. ಇನ್ನೊಬ್ಬರು ಥಾಮಸ್ ರೀಡ್ ಬೆಲ್, ಐರ್ಲೆಂಡಿನಲ್ಲಿ ಹುಟ್ಟಿ 1884ರಲ್ಲಿ ಅರಣ್ಯ ಇಲಾಖೆ ಸೇರಿದ ತರುಣ. ಸುಂಕ, ಕಂದಾಯ, ಅರಣ್ಯ ಎಂಬ ಮೂರು ಇಲಾಖೆಗಳು ಒಂದು ಹುಳುವಿನ ಬಗ್ಗೆ ಒಮ್ಮತಕ್ಕೆ ಬಂದ ನಿದರ್ಶನ ಸರ್ಕಾರಿ ಚರಿತ್ರೆಯಲ್ಲಿ ಅಪರೂಪ. 1890ರಲ್ಲಿ ಡೇವಿಡ್‌ಸನ್ ಮತ್ತು ಏಟ್ಕನ್ ಮುಂಬಯಿ ಪ್ರಾಂತದ ಕೆಲವು ಚಿಟ್ಟೆಗಳ ಹುಳು ಮತ್ತು ಕೋಶಗಳ ಕುರಿತು ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. 1896ರಿಂದ ಮೂವರೂ ಸೇರಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಕಂತುಗಳಲ್ಲಿ ಬರೆದರು. ಒಂದು ಕನ್ನಡ ಜಿಲ್ಲೆಯ ಚಿಟ್ಟೆಗಳ ಬದುಕು ಇಷ್ಟು ವಿವರವಾಗಿ ಅಚ್ಚಾದುದು ಹೀಗೆ, ಮುಂಬಯಿಯಲ್ಲಿ.

ಅವರ ದಾರಿಯ ಹೊಸತನ ಇಷ್ಟೆ: ಬಲೆ ಬೀಸಿ ಹಿಡಿಯುವುದಕ್ಕಿಂತ ಹುಳುವನ್ನು ತಂದು, ಅದು ತಿನ್ನುವ ಎಲೆಯನ್ನೇ ದಿನವೂ ತಂದುಹಾಕಿ, ಸಾಕಿ, ಬರೆದಿಡುವುದು. ಕಂಬಳಿಹುಳುವನ್ನು ಸಾಕಿದವರಿಗೆ ಗೊತ್ತು, ಇದು ಮಗುವಿನ ಆರೈಕೆಗೆ ಕಡಿಮೆಯಲ್ಲ. ಎಲೆ ಒಂದು ದಿನ ತಪ್ಪಿದರೆ ಹದಿನೈದು ದಿನದ ಕೆಲಸ ಹಾಳು. ಮಿನೋಸಿನ ಹುಳು ಕಡುಗೆಂಪು ಛಾಯೆಯದು, ಮೈತುಂಬ ಮೆತ್ತನೆಯ ಮುಳ್ಳಿನಂಥ ಉಬ್ಬುಗಳು, ನಡುವೆ ಒಂದು ಮಾಸಲು ಬಿಳಿಯ ಓರೆಪಟ್ಟೆ. ಅದರ ಆಹಾರ ನಮ್ಮ ಹಳ್ಳಿಗಳ ಈಶ್ವರಬೇರಿನ ಬಳ್ಳಿ ಮತ್ತು ಅದರ ಬಂಧುಗಳು. ಹಾವಿನ ವಿಷಕ್ಕೆ ಮದ್ದೆಂದು ಅಜ್ಜಿಯಂದಿರು ನಂಬಿದ್ದ ಈ ಬಳ್ಳಿಯಲ್ಲಿ ಇರುವುದೇ ವಿಷ. ಅದು ಮನುಷ್ಯನ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ ಎಂದು ಇಂದು ಸಿದ್ಧವಾಗಿದೆ. ಓದುಗರು ಪ್ರಯೋಗಕ್ಕೆ ಇಳಿಯಬಾರದು. ಹುಳು ಮಾತ್ರ ಅದೇ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಚಿಟ್ಟೆಯಾಗುತ್ತದೆ. ಒಮ್ಮೆ ಬಾಯಿಗೆ ಹಾಕಿಕೊಂಡ ಹಕ್ಕಿ ಮತ್ತೆ ಆ ತಂಟೆಗೆ ಬರುವುದಿಲ್ಲ. ಮರದೆತ್ತರದಲ್ಲಿ ಅದು ಅವಸರವಿಲ್ಲದೆ ತೇಲುವುದರ ಗುಟ್ಟು ಇದೇ.

ಏಟ್ಕನ್ ಮುಂದೆ ಕರಾಚಿಗೆ ವರ್ಗವಾಗಿ, ನಿವೃತ್ತರಾಗಿ, 1909ರಲ್ಲಿ ಎಡಿನ್‌ಬರೊದಲ್ಲಿ ತೀರಿಕೊಂಡರು. ಬೆಲ್ ಮಾತ್ರ ಮರಳಿ ಹೋಗಲಿಲ್ಲ. ಭಾರತದ ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳ ಬಗ್ಗೆ ಅದೇ ಮುಂಬಯಿಯ ಪತ್ರಿಕೆಯಲ್ಲಿ 1909ರಿಂದ ಸುಮಾರು ಹದಿನೆಂಟು ವರ್ಷ ಲೇಖನಮಾಲೆ ಬರೆದರು. 1920ರಲ್ಲಿ ನಿವೃತ್ತರಾದ ಮೇಲೂ ಕಾರವಾರದಲ್ಲೇ ನೆಲೆಸಿದರು. 1948ರಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷ, ಅಲ್ಲಿಯೇ ಕೊನೆಯುಸಿರೆಳೆದರು. ಕನ್ನಡನಾಡಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಸಾಯುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಇದು ತಿರುಗುಮುರುಗಾದ ಬಾಳು.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೂ ಮನಸ್ಸಿನಲ್ಲಿ ಉಳಿಯುವ ಒಂದು ಮುಳ್ಳಿದೆ. ಆ ಲೇಖನಮಾಲೆಯ ಮೇಲೆ ಮೂರು ಹೆಸರುಗಳಿವೆ, ಮೂರೂ ಅಧಿಕಾರಿಗಳವು. ಬಳ್ಳಿ ಎಲ್ಲಿ ಬೆಳೆಯುತ್ತದೆಂದು ಹಾಲಕ್ಕಿ ಒಕ್ಕಲಿಗರಿಗೆ, ಕುಣಬಿಗಳಿಗೆ, ಸಿದ್ದಿಗಳಿಗೆ ತಿಳಿದಿದ್ದಷ್ಟು ಯಾವ ಕಲೆಕ್ಟರಿಗೆ ತಿಳಿದಿದ್ದೀತು? ಮಳೆಯಲ್ಲಿ ಎಲೆ ಹೊತ್ತು ತಂದ ಕೈಗಳು ಬಂಗಲೆಯ ಯಜಮಾನರವೇ ಆಗಿದ್ದವೆಂದು ನಂಬುವುದು ನಮಗೆ ಕಷ್ಟ. ಆ ಜನ ಈ ಚಿಟ್ಟೆಯನ್ನು ತಮ್ಮತಮ್ಮಲ್ಲಿ ಏನೆಂದೋ ಕರೆದಿರಬೇಕು. ಲ್ಯಾಟಿನ್ ಬಲ್ಲ ಏಟ್ಕನ್ನರಿಗೆ ಮಿನೋಸ್ ಎಂಬ ಹೆಸರು ಸಹಜವಾಗಿತ್ತು, ಸಾಕಾಗಿತ್ತು. ನಾವೂ ಅವರ ಪತ್ರಿಕೆಯನ್ನೇ ಓದಿ ಅದನ್ನೇ ಕಲಿತೆವು.

ಮುಂದಿನ ಕಥೆ ಚಿಕ್ಕದು. ಮಿನೋಸನ್ನು ಬಹುಕಾಲ ಹೆಲೆನಾದ ಉಪಪ್ರಭೇದವೆಂದೇ ಎಣಿಸುತ್ತಿದ್ದರು. ಸ್ವತಂತ್ರ ಪ್ರಭೇದವೆಂಬ ಮನ್ನಣೆ ತಡವಾಗಿ ಮರಳಿತು. 1932ರಲ್ಲಿ ಬ್ರಿಗೇಡಿಯರ್ ಇವಾನ್ಸ್ ದಾಖಲಿಸಿದ 190 ಮಿಲಿಮೀಟರ್ ಅಗಲದ ಹೆಣ್ಣು ಭಾರತದ ಅತಿ ದೊಡ್ಡ ಚಿಟ್ಟೆಯೆಂಬ ಬಿರುದನ್ನು ಮಿನೋಸಿಗೆ ತಂದಿತ್ತು. 2020ರಲ್ಲಿ ಉತ್ತರಾಖಂಡದ ದೀದಿಹಾಟಿನ ಒಂದು ಈಕಸ್ ಹೆಣ್ಣು 194 ಮಿಲಿಮೀಟರ್ ಅಳೆದು ಅದನ್ನು ಕಸಿದುಕೊಂಡಿತು. ನಾಲ್ಕು ಮಿಲಿಮೀಟರ್ ಎಂದರೆ ಎರಡು ಅಕ್ಕಿಕಾಳಿನ ದಪ್ಪ. ಕನ್ನಡಿಗರು ದಾವೆ ಹೂಡಲಿಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿ ಇಡೀ ಟ್ರಾಯ್ಡೀಸ್ ಕುಲವಿದೆ. ಪರವಾನಗಿಯಿಲ್ಲದೆ ಒಂದು ರೆಕ್ಕೆಯೂ ದೇಶದಿಂದ ಹೊರಗೆ ಹೋಗುವಂತಿಲ್ಲ. ಗಡಿಯಲ್ಲಿ ಅದನ್ನು ತಡೆಯಬೇಕಾದವರಲ್ಲಿ ಏಟ್ಕನ್ನರ ಇಲಾಖೆಯ ಇಂದಿನ ವಾರಸುದಾರರಾದ ಕಸ್ಟಮ್ಸ್‌ನವರೂ ಸೇರಿದ್ದಾರೆ.

ಭಾರತದಲ್ಲಿ ಮೊದಲು ರಾಜ್ಯ ಚಿಟ್ಟೆಯನ್ನು ಸಾರಿದ್ದು ಮಹಾರಾಷ್ಟ್ರ, 2015ರಲ್ಲಿ. ಅದರ ಜೊತೆಗೆ ಮರಾಠಿಯಲ್ಲಿ ಚಿಟ್ಟೆಗಳಿಗೆ ಹೆಸರಿಡುವ ಕೆಲಸವೂ ನಡೆಯಿತು. ಅದರಿಂದಲೇ ದಾದರಿನ ಶಾಲೆಯ ಹುಡುಗಿಗೆ ‘ನೀಲವಂತ’ ಬಾಯಿಗೆ ಬರುತ್ತದೆ. ಕರ್ನಾಟಕ ಸ್ವಲ್ಪ ಅನಂತರ ಮಿನೋಸನ್ನು ಆರಿಸಿಕೊಂಡಿತು. ನಮ್ಮ ಪತ್ರಿಕೆಗಳಲ್ಲಿ ಹೆಚ್ಚಾಗಿ ಇಂದಿಗೂ ‘ಸದರ್ನ್ ಬರ್ಡ್‌ವಿಂಗ್’ ಎಂದೇ ಅಚ್ಚಾಗುತ್ತದೆ. ಚಿಟ್ಟೆಗೇ ಚಿಟ್ಟೆ, ಪಾತರಗಿತ್ತಿ ಎಂದು ಎರಡು ಸೊಗಸಾದ ಪದಗಳಿರುವ ಭಾಷೆ ನಮ್ಮದು. ನಮ್ಮ ಬಳಗದಲ್ಲಿ ಹಲವು ಸಲಹೆಗಳು ಬಂದವು: ಹೊನ್ನರೆಕ್ಕೆ, ಹಕ್ಕಿಚಿಟ್ಟೆ, ಈಶ್ವರಪಾತರಗಿತ್ತಿ. ಧಾರವಾಡದವರು ಮೂರನೆಯದಕ್ಕೆ ಪಟ್ಟು ಹಿಡಿದರು, ಕರಾವಳಿಯವರು ಒಪ್ಪಲಿಲ್ಲ. ಹುಡುಗಿ ‘ಹೊನ್ನರೆಕ್ಕೆ’ ಎಂದು ತನ್ನ ವಹಿಯಲ್ಲಿ ಬರೆದುಕೊಂಡಳು.

ಕಳೆದ ಮಳೆಗಾಲದಲ್ಲಿ ಅವಳ ತಂದೆ ಊರಿನಿಂದ ಈಶ್ವರಬೇರಿನ ಬಳ್ಳಿ ತಂದು ಲಿಂಬೆಯ ಪಕ್ಕದ ಕುಂಡದಲ್ಲಿ ನೆಟ್ಟರು. ಮಿನೋಸ್ ದಾದರಿಗೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಎರಡು ತಿಂಗಳಲ್ಲಿ ಎಲೆಗಳು ತೂತಾದವು. ಬಂದದ್ದು ಅದೇ ಬಳ್ಳಿಯನ್ನು ತಿನ್ನುವ ಚಿಕ್ಕ ಬಂಧು, ಕಾಮನ್ ರೋಸ್. ಹುಳುಗಳು ಹನ್ನೊಂದಿದ್ದವು, ಎಲೆ ಮುಗಿದುಹೋಗಿ, ಇನ್ನಷ್ಟು ಬಳ್ಳಿ ಕಳುಹಿಸಿರೆಂದು ಊರಿಗೆ ಫೋನು ಮಾಡಬೇಕಾಯಿತು.