ಕಸುಬು ಕಲಿಸಿದರಷ್ಟೇ ಸಾಲದು: ಯುದ್ಧಾನಂತರದ ಉತ್ತರ ಉಗಾಂಡಾ ಹೇಳುವುದೇನು?

1980ರ ದಶಕದ ಕೊನೆಯಿಂದ 2006ರವರೆಗೆ ಉತ್ತರ ಉಗಾಂಡಾದ ಅಚೋಲಿ ಸೀಮೆ ಜೋಸೆಫ್ ಕೋನಿಯ ‘ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ’ ಎಂಬ ಬಂಡುಕೋರ ಪಡೆ ಮತ್ತು ಸರ್ಕಾರಿ ಸೇನೆಯ ನಡುವೆ ಸಿಕ್ಕಿ ನಲುಗಿತು. ಕದನ ಬಿಗಡಾಯಿಸಿದ ಕಾಲದಲ್ಲಿ ಸುಮಾರು 18 ಲಕ್ಷ ಜನ ಹೊಲಮನೆ ತೊರೆದು ನಿರಾಶ್ರಿತರ ಶಿಬಿರಗಳಲ್ಲಿದ್ದರು. ಅಲ್ಲಿ ಬೆಳೆದ ಮಕ್ಕಳಿಗೆ ಶಾಲೆಯೂ ನೆಟ್ಟಗೆ ದಕ್ಕಲಿಲ್ಲ, ಅಪ್ಪ-ಅಮ್ಮನ ಜೊತೆ ಉತ್ತು ಬಿತ್ತುವುದನ್ನು ಕಲಿಯುವ ಅವಕಾಶವೂ ಸಿಗಲಿಲ್ಲ. ಬಂಡುಕೋರರು ಹೊತ್ತೊಯ್ದ ಸಾವಿರಾರು ಮಕ್ಕಳ ಪಾಡು ಇನ್ನೂ ಕಠಿಣವಾಗಿತ್ತು. ಅಪಹರಣಕ್ಕೆ ಒಳಗಾದ ಯುವಕರನ್ನು ಅಧ್ಯಯನ ಮಾಡಿದ ಕ್ರಿಸ್ಟೋಫರ್ ಬ್ಲಾಟ್‌ಮನ್ ಮತ್ತು ಜೀನಿ ಆನ್ನನ್, ಈ ಯುವಕರು ಹೆಚ್ಚುಕಡಿಮೆ ಒಂದು ವರ್ಷದ ಓದನ್ನು ಕಳೆದುಕೊಂಡಿದ್ದರು, ಕುಶಲ ಕೆಲಸ ಹಿಡಿಯುವ ಸಾಧ್ಯತೆ ಅರ್ಧಕ್ಕಿಳಿದಿತ್ತು, ಗಳಿಕೆ ಮೂರನೇ ಒಂದು ಪಾಲು ತಗ್ಗಿತ್ತು ಎಂದು 2010ರಲ್ಲಿ ಪ್ರಕಟಿಸಿದರು. ಯುದ್ಧ ಕಸಿದುಕೊಂಡದ್ದು ಕಲಿಕೆಯನ್ನು ಮಾತ್ರವೇ, ಅಥವಾ ಕಲಿತದ್ದನ್ನು ಬಳಸಿ ಬದುಕುವ ದಾರಿಯನ್ನೂ ಕಸಿಯಿತೇ? ಯುದ್ಧಾನಂತರದ ವೃತ್ತಿ ತರಬೇತಿ ಎಂಬ ಕ್ಷೇತ್ರ ಬೆಳೆದದ್ದೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ. ನನ್ನ ವಾದ ಇಷ್ಟು: ಯುದ್ಧದಿಂದ ಹೊರಬಂದ ಯುವಜನರಿಗೆ ಕಸುಬು, ಬಂಡವಾಳ, ಗಿರಾಕಿ ಮೂರರ ಕೊರತೆಯೂ ಇರುತ್ತದೆ. ಮೊದಲನೆಯದನ್ನಷ್ಟೇ ನೀಗಿಸುವ ಯೋಜನೆ ಪ್ರಮಾಣಪತ್ರ ಕೊಟ್ಟೀತು, ಜೀವನೋಪಾಯ ಕೊಡಲಾರದು.

ಸೈನಿಕನ ಕೈಗೆ ಉಳಿಯನ್ನೋ ಸೂಜಿಯನ್ನೋ ಕೊಟ್ಟು ನಾಗರಿಕ ಬದುಕಿಗೆ ಮರಳಿಸುವ ಕ್ರಮ ಮೊದಲ ಮಹಾಯುದ್ಧದ ಗಾಯಾಳುಗಳ ಕಾಲದಿಂದಲೂ ಇದೆ. ಆಂತರಿಕ ಯುದ್ಧಗಳು ಮುಗಿಯತೊಡಗಿದ 1990ರ ದಶಕದಲ್ಲಿ ಅದು ನಿಶ್ಶಸ್ತ್ರೀಕರಣ ಕಾರ್ಯಕ್ರಮಗಳ ಭಾಗವಾಯಿತು. ಇದರ ದೊಡ್ಡ ಪ್ರಯೋಗ ನಡೆದದ್ದು 2002ರಲ್ಲಿ ಯುದ್ಧ ಮುಗಿದ ಸಿಯೆರಾ ಲಿಯೋನ್‌ನಲ್ಲಿ. ಆಯುಧ ಕೆಳಗಿಟ್ಟ ಸುಮಾರು 72 ಸಾವಿರ ಮಂದಿಯಲ್ಲಿ ಬಹಳಷ್ಟು ಜನರಿಗೆ ಕೆಲವೇ ತಿಂಗಳ ಮರಗೆಲಸ, ಹೊಲಿಗೆ, ಗಾರೆ ಕೆಲಸ, ವಾಹನ ರಿಪೇರಿಯ ತರಬೇತಿ ದೊರೆಯಿತು. ಆದರೆ ಕಾರ್ಯಕ್ರಮದೊಳಗೆ ಬಂದವರು ಹೊರಗುಳಿದವರಿಗಿಂತ ಚೆನ್ನಾಗಿ ಸಮಾಜದಲ್ಲಿ ಬೆರೆತರು ಎನ್ನಲು ಮಕಾರ್ಟನ್ ಹಂಫ್ರೀಸ್ ಮತ್ತು ಜೆರೆಮಿ ವೈನ್‌ಸ್ಟೀನ್ ನಡೆಸಿದ ಸಮೀಕ್ಷೆಗೆ (2007) ಹೇಳಿಕೊಳ್ಳುವಂಥ ಪುರಾವೆ ಸಿಗಲಿಲ್ಲ. ಉತ್ತರ ಉಗಾಂಡಾದಲ್ಲೂ ಆರಂಭ ಹೀಗೆಯೇ ಇತ್ತು. 2000ದ ಕ್ಷಮಾದಾನ ಕಾಯ್ದೆಯಡಿ ಮರಳಿದವರಿಗೆ ಒಂದಿಷ್ಟು ನಗದು, ಹಾಸಿಗೆ, ಕಂಬಳಿ, ಪಾತ್ರೆ, ಗುದ್ದಲಿ, ಬಿತ್ತನೆ ಬೀಜದ ಗಂಟನ್ನು ಕೊಟ್ಟು ಊರಿಗೆ ಕಳಿಸುತ್ತಿದ್ದರು. ಆ ಗಂಟು ಒಂದು ಹಂಗಾಮನ್ನು ದಾಟಿಸಬಲ್ಲದು, ಅದರಾಚೆಗೆ ಕೈಹಿಡಿಯಲಾರದು. ಇನ್ನು ತರಬೇತಿಯಲ್ಲಿ ಎಲ್ಲರಿಗೂ ಅವೇ ನಾಲ್ಕು ಕಸುಬು ಕಲಿಸಿದರೆ ಒಂದೇ ಸಣ್ಣ ಪೇಟೆಯಲ್ಲಿ ಬಡಗಿಗಳು ಹೆಚ್ಚುತ್ತಾರೆ, ಕುರ್ಚಿ ಕೊಳ್ಳುವವರು ಹೆಚ್ಚುವುದಿಲ್ಲ ಎಂಬ ಸರಳ ಲೆಕ್ಕ ಆ ಹಂತದಲ್ಲಿ ಯೋಜಕರಿಗೆ ಮುಖ್ಯವಾಗಲಿಲ್ಲ.

ಎರಡನೇ ಹಂತದಲ್ಲಿ ತರಬೇತಿಯ ಒಳಗನ್ನೇ ಸುಧಾರಿಸುವ ಯತ್ನ ನಡೆಯಿತು. ನಾರ್ವೇಜಿಯನ್ ರೆಫ್ಯೂಜಿ ಕೌನ್ಸಿಲ್ 2003ರಲ್ಲಿ ಸಿಯೆರಾ ಲಿಯೋನ್‌ನಲ್ಲಿ ಶುರುಮಾಡಿ ಆಮೇಲೆ ಉತ್ತರ ಉಗಾಂಡಾಕ್ಕೂ ತಂದ ‘ಯೂತ್ ಎಜುಕೇಷನ್ ಪ್ಯಾಕ್’ ಅಕ್ಷರ, ಲೆಕ್ಕ, ಬದುಕಿನ ತಿಳಿವಳಿಕೆ ಮತ್ತು ಕಸುಬನ್ನು ಒಟ್ಟಿಗೆ ಕಲಿಸಿತು. ಅಳತೆಪಟ್ಟಿ ಓದಲು ಬಾರದವನಿಗೆ ಮರಗೆಲಸ ಹತ್ತುವುದಿಲ್ಲ ಎಂಬುದು ಇಲ್ಲಿ ಸಿಕ್ಕ ಅರಿವು. ಗುಲು ಪಟ್ಟಣದಲ್ಲಿ ಸಿಸ್ಟರ್ ರೋಸ್‌ಮರಿ ನಿರುಂಬೆ ನಡೆಸಿದ ಸೇಂಟ್ ಮೋನಿಕಾ ಶಾಲೆ ಇನ್ನೊಂದು ಕಣ್ಣು ತೆರೆಸಿತು. ಬಂಡುಕೋರರ ಸೆರೆಯಿಂದ ಪಾರಾಗಿ ಬಂದ ಹೆಣ್ಣುಮಕ್ಕಳಲ್ಲಿ ಅನೇಕರ ಕಂಕುಳಲ್ಲಿ ಕೂಸುಗಳಿದ್ದವು. ಆ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು ಶಾಲೆಯಲ್ಲೇ ಆದದ್ದರಿಂದ ತಾಯಂದಿರು ಹೊಲಿಗೆ ಯಂತ್ರದ ಮುಂದೆ ಕೂರಲು ಸಾಧ್ಯವಾಯಿತು. ಸೋಡಾ ಡಬ್ಬಿಯ ಮುಚ್ಚಳ ತೆರೆಯುವ ಅಲ್ಯೂಮಿನಿಯಂ ಕೊಂಡಿಗಳನ್ನು ಒಂದಕ್ಕೊಂದು ಹೆಣೆದು ಅವರು ಮಾಡಿದ ಕೈಚೀಲಗಳು ವಿದೇಶದ ಗಿರಾಕಿಗಳನ್ನು ತಲುಪಿದವು. ಮಾರುಕಟ್ಟೆ ಮತ್ತು ಮಕ್ಕಳ ಆರೈಕೆ ಎರಡೂ ತರಬೇತಿಯ ಹೊರಗಿನ ಸಂಗತಿಗಳೆಂದು ತೋರುತ್ತವೆ. ತರಬೇತಿ ನಿಂತಿರುವುದೇ ಅವುಗಳ ಮೇಲೆ.

ಮೂರನೇ ಹಂತ ಬಂಡವಾಳದ್ದು. ವಿಶ್ವಬ್ಯಾಂಕ್ ನೆರವಿನ ಯೋಜನೆಯೊಂದರ ಅಂಗವಾಗಿ ಉಗಾಂಡಾ ಸರ್ಕಾರ ‘ಯೂತ್ ಆಪರ್ಚುನಿಟೀಸ್ ಪ್ರೋಗ್ರಾಂ’ ರೂಪಿಸಿತು. 16ರಿಂದ 35 ವರ್ಷದವರು ಗುಂಪು ಕಟ್ಟಿಕೊಂಡು ಯಾವ ಕಸುಬು, ಯಾರಲ್ಲಿ ಕಲಿಯುತ್ತೇವೆ, ಯಾವ ಸಲಕರಣೆ ಬೇಕು ಎಂದು ತಾವೇ ಅರ್ಜಿ ಬರೆಯಬೇಕಿತ್ತು. 2008ರಲ್ಲಿ ಹಣ ಬಿಡುಗಡೆಯಾಯಿತು. ತಲಾ ಲೆಕ್ಕ ಹಾಕಿದರೆ ಸುಮಾರು 382 ಡಾಲರ್, ಅಲ್ಲಿನ ಯುವಕರಿಗೆ ಹತ್ತಿರಹತ್ತಿರ ಒಂದು ವರ್ಷದ ದುಡಿಮೆ. ಹಣ ಕೈಸೇರಿದ ಮೇಲೆ ಸರ್ಕಾರದ ಉಸ್ತುವಾರಿ ಇರಲಿಲ್ಲ. ಆದರೂ ಹೆಚ್ಚಿನ ದುಡ್ಡು ಸಲಕರಣೆ, ಸಾಮಗ್ರಿಗಳಿಗೆ ಹೋಯಿತು, ಒಂದು ಸಣ್ಣ ಪಾಲು ತರಬೇತಿಗೆ. ಅರ್ಹ ಗುಂಪುಗಳು ಹೆಚ್ಚಿದ್ದು ಹಣ ಕಡಿಮೆಯಿದ್ದುದರಿಂದ ಚೀಟಿ ಎತ್ತಿದಂತೆ ಆಯ್ಕೆ ನಡೆದಿತ್ತು. ಹೀಗಾಗಿ ಪಡೆದವರನ್ನೂ ಪಡೆಯದವರನ್ನೂ ನ್ಯಾಯವಾಗಿ ಹೋಲಿಸಬಹುದಾಗಿತ್ತು. ನಾಲ್ಕು ವರ್ಷಗಳ ಬಳಿಕ ಪಡೆದವರ ವ್ಯವಹಾರದ ಆಸ್ತಿ ಶೇ. 57ರಷ್ಟು, ಗಳಿಕೆ ಶೇ. 38ರಷ್ಟು ಹೆಚ್ಚಿತ್ತು. ಅಭಿವೃದ್ಧಿಶೀಲ ದೇಶಗಳ ವೃತ್ತಿ ತರಬೇತಿಗಳನ್ನು ಡೇವಿಡ್ ಮೆಕೆಂಜಿ 2017ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ತರಬೇತಿಯಿಂದಾಗಿಯೇ ಕೆಲಸ ಸಿಕ್ಕವರು ನೂರಕ್ಕೆ ಎರಡು ಮೂರು ಮಂದಿ ಮಾತ್ರ ಎಂದು ಕಂಡುಬಂದಿತ್ತು. ಅದರ ಪಕ್ಕದಲ್ಲಿಟ್ಟು ನೋಡಿದಾಗ ಬಂಡವಾಳದ ತೂಕ ತಿಳಿಯುತ್ತದೆ.

ಹಾಗಿದ್ದರೆ ತರಬೇತಿಯ ಗೊಡವೆಯೇ ಬೇಡ, ದುಡ್ಡನ್ನೇ ಕೊಟ್ಟುಬಿಡಿ ಎಂಬ ಆಕ್ಷೇಪ ಬರುತ್ತದೆ. ಇದನ್ನು ಬದಿಗೆ ಸರಿಸುವಂತಿಲ್ಲ. ಉತ್ತರ ಉಗಾಂಡಾದಲ್ಲೇ ಆವ್ಸಿ ಸಂಸ್ಥೆ 120 ಹಳ್ಳಿಗಳ ಕಡುಬಡವರಿಗೆ, ಮುಖ್ಯವಾಗಿ ಹೆಂಗಸರಿಗೆ, ಬರೀ ಐದು ದಿನಗಳ ವ್ಯಾಪಾರದ ತಿಳಿವಳಿಕೆಯ ಜೊತೆ 150 ಡಾಲರ್ ಕೊಟ್ಟಾಗ ಅವರ ಗಳಿಕೆ ಬಹುಮಟ್ಟಿಗೆ ಇಮ್ಮಡಿಯಾಯಿತು. ಆದರೆ ತೀರಾ ಕಡಿಮೆ ಇದ್ದದ್ದು ಇಮ್ಮಡಿಯಾದರೂ ಮೊತ್ತ ಚಿಕ್ಕದೇ, ಮತ್ತು ಅದು ಬಹುಪಾಲು ಚಿಲ್ಲರೆ ವ್ಯಾಪಾರದಿಂದ ಬಂದದ್ದು. ಸರ್ಕಾರಿ ಯೋಜನೆಯ ಗುಂಪುಗಳನ್ನು ಒಂಬತ್ತು ವರ್ಷಗಳ ನಂತರ ಮತ್ತೆ ನೋಡಿದಾಗ ಗಳಿಕೆಯ ಅಂತರ ಮುಚ್ಚಿಹೋಗಿತ್ತು, ಹಣ ಪಡೆಯದವರು ನಿಧಾನವಾಗಿ ಅವರನ್ನು ಸರಿಗಟ್ಟಿದ್ದರು. ಉಳಿದುಕೊಂಡದ್ದು ಆಸ್ತಿ ಮತ್ತು ಕುಶಲ ಕೆಲಸದಲ್ಲಿದ್ದ ಮೇಲುಗೈ. ಹಣ ಬೇಗ ಮೇಲೆತ್ತುತ್ತದೆ, ಕಲಿತ ಕಸುಬು ಕೈಬಿಡದೆ ಉಳಿಯುತ್ತದೆ. ಎರಡನ್ನೂ ಜೋಡಿಸಬೇಕೆಂದೇ ಈ ಫಲಿತಾಂಶ ಸೂಚಿಸುತ್ತದೆ. ನೆರವು ಒಮ್ಮೆ ಕೊಟ್ಟು ಮುಗಿಸುವಂಥದ್ದಲ್ಲ ಎಂಬ ಎಚ್ಚರವೂ ಅದರಲ್ಲಿದೆ.

ಹೆಣ್ಣುಮಕ್ಕಳಿಗೆ ಇಂಥ ತರಬೇತಿ ಫಲಿಸುವುದಿಲ್ಲ, ಮದುವೆ-ಮಕ್ಕಳೆಂದು ನಡುವೆಯೇ ಬಿಟ್ಟುಹೋಗುತ್ತಾರೆ ಎಂಬುದು ಇನ್ನೊಂದು ಮಾತು. ಇದಕ್ಕೆ ಉತ್ತರ ಕೊಟ್ಟದ್ದು ಯುದ್ಧದಿಂದ ಎದ್ದ ಇನ್ನೊಂದು ದೇಶ ಲೈಬೀರಿಯಾ. ಅಲ್ಲಿ 2010ರಲ್ಲಿ ಶುರುವಾದ ಯುವತಿಯರ ಯೋಜನೆ ಆರು ತಿಂಗಳು ತರಗತಿ, ಆಮೇಲೆ ಆರು ತಿಂಗಳು ಉದ್ಯೋಗ ಹುಡುಕಲು ಅಥವಾ ವ್ಯಾಪಾರ ಹೂಡಲು ನೆರವು, ಕೂಸುಗಳಿಗೆ ಉಚಿತ ಆರೈಕೆ ಎಂಬ ಕ್ರಮ ಅನುಸರಿಸಿತು. ಯುವತಿಯರ ಉದ್ಯೋಗ ಶೇ. 47ರಷ್ಟು, ಗಳಿಕೆ ಶೇ. 80ರಷ್ಟು ಏರಿತು. ಕೊರತೆ ಇದ್ದದ್ದು ಯೋಜನೆಗಳಲ್ಲಿ, ಹುಡುಗಿಯರಲ್ಲಲ್ಲ.

ಕೆಲಸ ಸಿಕ್ಕವರು ಮತ್ತೆ ಬಂದೂಕು ಹಿಡಿಯುವುದಿಲ್ಲವೆಂಬ ನಂಬಿಕೆಯ ಮೇಲೆ ದಾನಿಗಳು ಇಂಥ ಯೋಜನೆಗಳಿಗೆ ಹಣ ಸುರಿಯುತ್ತಾರೆ. ಇಲ್ಲಿ ಅತಿಯಾದ ಭರವಸೆ ಬೇಡ. ಉಗಾಂಡಾದ ಯುವಕರ ಗಳಿಕೆ ಏರಿದರೂ ಜಗಳ, ಸಾಮಾಜಿಕ ಬೆಸುಗೆ, ರಾಜಕೀಯ ನಡವಳಿಕೆಗಳಲ್ಲಿ ಗುರುತಿಸುವಂಥ ಬದಲಾವಣೆ ಕಾಣಲಿಲ್ಲ. ಲೈಬೀರಿಯಾದಲ್ಲಿ ಕೃಷಿ ತರಬೇತಿ ಪಡೆದ ಮಾಜಿ ಹೋರಾಟಗಾರರ ವಿಷಯ ಬೇರೆಯಾಗಿತ್ತು. ಅವರು ಅಕ್ರಮ ದಂಧೆಗೆ ಕೊಡುವ ಹೊತ್ತು ಸುಮಾರು ಐದನೇ ಒಂದು ಪಾಲು ಇಳಿಯಿತು. 2010-11ರಲ್ಲಿ ನೆರೆಯ ಐವರಿ ಕೋಸ್ಟ್‌ನಲ್ಲಿ ಕದನ ಭುಗಿಲೆದ್ದು ಬಾಡಿಗೆ ಸೈನಿಕರಿಗೆ ಬೇಡಿಕೆ ಬಂದಾಗ ಅತ್ತ ಹೋಗದೆ ಉಳಿದವರಲ್ಲಿ ಮುಖ್ಯವಾಗಿ ಇದ್ದದ್ದು ಮುಂದಿನ ಕಂತಿನ ನೆರವು ಬರಬೇಕಿದ್ದವರು. ಶಾಂತಿಯ ಪರವಾಗಿ ಕೆಲಸ ಮಾಡಿದ್ದು ತರಗತಿಯ ಪಾಠಕ್ಕಿಂತ ಹೆಚ್ಚಾಗಿ ನಾಳೆ ಬರಲಿರುವುದರ ಮೇಲಿನ ನಂಬಿಕೆ.

ಹಣ, ಆರೈಕೆ, ಬೆನ್ನುಬಿಡದ ನೆರವು ಎಲ್ಲ ಸೇರಿದರೆ ಖರ್ಚು ಏರುತ್ತದೆ, ಕಡಿಮೆ ಜನರಿಗಷ್ಟೇ ದಕ್ಕುತ್ತದೆ ಎಂಬ ವಾದದಲ್ಲಿ ಸತ್ಯವಿದೆ. ಆದರೆ ಸಾವಿರ ಮಂದಿಗೆ ಅಗ್ಗದ ತರಬೇತಿ ಕೊಟ್ಟು ಇಪ್ಪತ್ತು ಮೂವತ್ತು ಮಂದಿಗಷ್ಟೇ ಹೊಸ ಕೆಲಸ ಹುಟ್ಟಿದರೆ, ಉಳಿದವರ ಪಾಲಿಗೆ ಆ ಅಗ್ಗವೇ ದುಬಾರಿ. ಯುದ್ಧದಲ್ಲಿ ಒಮ್ಮೆ ಮೋಸಹೋದ ತಲೆಮಾರಿಗೆ ಎರಡನೇ ಸಲ ಪೊಳ್ಳು ಭರವಸೆ ಕೊಡುವುದು ಅನ್ಯಾಯ. ಆದ್ದರಿಂದ ಸರ್ಕಾರಗಳೂ ದಾನಿಗಳೂ ಇಷ್ಟನ್ನು ಮಾಡಲಿ: ಕಸುಬನ್ನು ಕಲಿಯುವವರೇ ಆರಿಸಲಿ, ಪ್ರಮಾಣಪತ್ರದ ಜೊತೆಗೇ ಸಲಕರಣೆಯ ಹಣವೂ ಕೈಸೇರಲಿ, ಆ ಹಣ ಕಂತುಗಳಲ್ಲಿ ಬರಲಿ. ಯೋಜನೆಯ ಯಶಸ್ಸನ್ನು ಎಷ್ಟು ಜನ ತರಬೇತಿ ಮುಗಿಸಿದರು ಎಂದು ಎಣಿಸದೆ, ನಾಲ್ಕು ವರ್ಷಗಳ ನಂತರವೂ ಎಷ್ಟು ಜನ ಆ ಕಸುಬಿನಿಂದ ಮನೆ ನಡೆಸುತ್ತಿದ್ದಾರೆ ಎಂದು ಎಣಿಸಲಿ.